ಹಿಂಬಾಗಿಲಿಂದ ದೊಡ್ಡಮನೆಗೆ

ಬ್ರಿಟನ್ನಿನ ಹಳೆಯ ದೊಡ್ಡಮನೆಗಳಲ್ಲಿ ಅಡುಗೆಕಟ್ಟಿನ ಪಕ್ಕದ ಓಣಿಗೆ ಹೋದರೆ, ಗೋಡೆಯ ಮೇಲೆ ಕೈಗೆಟುಕದ ಎತ್ತರದಲ್ಲಿ ಸಾಲಾಗಿ ಗಂಟೆಗಳು ಕಾಣುತ್ತವೆ. ಒಂದೊಂದನ್ನೂ ಸುರುಳಿ ಸುತ್ತಿದ ಉಕ್ಕಿನ ಪಟ್ಟಿಯ ತುದಿಗೆ ಕೂರಿಸಿರುತ್ತಾರೆ. ಮೇಲಿನ ಕೋಣೆಯಲ್ಲಿ ಯಾರಾದರೂ ಹಿಡಿಕೆ ಎಳೆದರೆ ಗೋಡೆಯೊಳಗೆ ಹಾಯಿಸಿದ ತಂತಿ ಜಗ್ಗಿ ಇಲ್ಲಿ ಗಂಟೆ ಬಡಿಯುತ್ತದೆ. ಗಂಟೆಗೆ ಅಂಟಿಕೊಂಡಂತೆ ಒಂದು ಪುಟ್ಟ ತೂಗುಗುಂಡು ಇರುತ್ತದೆ. ಸದ್ದು ಅಡಗಿದ ಮೇಲೂ ಅದು ಸ್ವಲ್ಪ ಹೊತ್ತು ಅಲ್ಲಾಡುತ್ತಲೇ ಇರುತ್ತದೆ. ಎಲ್ಲೋ ಪಾತ್ರೆ ಉಜ್ಜುತ್ತಿದ್ದವಳು ಕೈ ಒರೆಸಿಕೊಂಡು ಓಡಿಬಂದಾಗ, ಯಾವ ಕೋಣೆಯವರು ಕರೆದರು ಎಂದು ತಲೆಯೆತ್ತಿ ನೋಡಿ ತಿಳಿದುಕೊಳ್ಳಲಿ ಅಂತ ಈ ಏರ್ಪಾಡು.

ಒಡೆಯರಿಗೂ ಆಳುಗಳಿಗೂ ನಡುವೆ ಏನಿತ್ತು ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಈ ಗುಂಡನ್ನೇ. ಕರೆದವರ ಮುಖ ಕಾಣುವುದಿಲ್ಲ, ದನಿ ಕೇಳುವುದಿಲ್ಲ, ಕರೆ ಮಾತ್ರ ತಲುಪುತ್ತದೆ. ಅದೇ ಹುಡುಗಿ ಬೆಳಗ್ಗೆ ಯಜಮಾನಿಯ ರಾತ್ರಿಯ ಪಾತ್ರೆ ತೊಳೆದಿರುತ್ತಾಳೆ, ಅವಳ ಒಳಬಟ್ಟೆಗಳನ್ನು ಮಡಚಿಟ್ಟಿರುತ್ತಾಳೆ. ಇಷ್ಟು ಹತ್ತಿರ ಬದುಕುವವರು ಒಬ್ಬರಿಗೊಬ್ಬರು ಕಾಣದಂತೆ ಇರಬೇಕಿತ್ತು. ಅದಕ್ಕಾಗಿ ಗೋಡೆ, ಮೆಟ್ಟಿಲು, ಸುರಂಗ, ಸಮವಸ್ತ್ರ, ಊಟದ ಪಂಕ್ತಿ ಎಲ್ಲವನ್ನೂ ಬೇರೆಬೇರೆಯಾಗಿ ಮಾಡಬೇಕಾಯಿತು. ಬ್ರಿಟಿಷ್ ದೊಡ್ಡಮನೆಯ ಕಥೆ ಎಂದರೆ ಬಹುಪಾಲು ಈ ಅಂತರವನ್ನು ಕಟ್ಟಿದ ಕಥೆ.

ಮೊದಲು ಒಡೆಯರ ವಿಷಯ. ಈ ಮನೆಗಳು ನಿಂತಿದ್ದು ಭೂಮಿಯ ಮೇಲೆ. ಸುತ್ತಲಿನ ಸಾವಿರಾರು ಎಕರೆ ಜಮೀನನ್ನು ಗೇಣಿದಾರರಿಗೆ ಕೊಟ್ಟು, ಬಂದ ಗೇಣಿಯಲ್ಲಿ ಮನೆ ನಡೆಸುತ್ತಿದ್ದರು. 1870ರ ದಶಕದಲ್ಲಿ ಸರ್ಕಾರ ಭೂಮಾಲೀಕರ ಲೆಕ್ಕ ತೆಗೆಸಿದಾಗ, ದೇಶದ ಐದರಲ್ಲಿ ನಾಲ್ಕು ಪಾಲು ಭೂಮಿ ಸುಮಾರು 7,000 ಜನರ ಕೈಯಲ್ಲಿರುವುದು ಕಂಡುಬಂತು. ಆಸ್ತಿ ಹಂಚಿಹೋಗದಂತೆ ನೋಡಿಕೊಳ್ಳಲು ಎಲ್ಲವೂ ಹಿರಿಯ ಮಗನಿಗೇ ಎಂಬ ಪದ್ಧತಿ ಇತ್ತು. ಅದಕ್ಕೂ ಮೇಲೆ ವಕೀಲರು ಬರೆದ ಕರಾರುಪತ್ರಗಳ ಪ್ರಕಾರ ಆ ಹಿರಿಯ ಮಗ ಕೂಡ ತನ್ನ ಜೀವಮಾನಕ್ಕೆ ಮಾತ್ರ ಅನುಭೋಗದಾರ. ಮಾರುವ ಹಕ್ಕು ಅವನಿಗೆ ಇರಲಿಲ್ಲ. 1882ರ ಕಾಯ್ದೆ ಬಂದ ಮೇಲಷ್ಟೇ ಅಂಥ ಜಮೀನನ್ನು ಮಾರುವುದು ಸುಲಭವಾಯಿತು. ಕಿರಿಯ ಮಕ್ಕಳು ಸೈನ್ಯಕ್ಕೋ ಚರ್ಚಿಗೋ ವಕೀಲಿಕೆಗೋ ಈಸ್ಟ್ ಇಂಡಿಯಾ ಕಂಪನಿಗೋ ಹೋಗಬೇಕಿತ್ತು. ಹೆಣ್ಣುಮಕ್ಕಳಿಗೆ ಮದುವೆಯೊಂದೇ ದಾರಿ.

ಗೇಣಿಯ ಹಣ ಒಂದೇ ಅಲ್ಲ, ಹೊರದೇಶದ ಹಣವೂ ಈ ಮನೆಗಳಿಗೆ ಹರಿದುಬಂತು. ಯಾರ್ಕ್‌ಶೈರಿನ ಹೇರ್‌ವುಡ್ ಹೌಸ್ ಎದ್ದಿದ್ದು ಕೆರಿಬಿಯನ್ನಿನ ಸಕ್ಕರೆ ಮತ್ತು ಗುಲಾಮರ ದುಡಿಮೆಯಿಂದ ಬಂದ ಸಂಪತ್ತಿನಲ್ಲಿ. ವೇಲ್ಸಿನ ಪೋವಿಸ್ ಕೋಟೆಮನೆಯ ಹೆಸರು ಕನ್ನಡಿಗರಿಗೆ ಗೊತ್ತಿರಬೇಕಾದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಕ್ಲೈವ್ ಮದರಾಸಿನ ಗವರ್ನರ್ ಆಗಿದ್ದ. ಟಿಪ್ಪುವಿನ ಸಿಂಹಾಸನಕ್ಕಿದ್ದ ಹುಲಿಯ ತಲೆಯೊಂದು, ಹೂಬಳ್ಳಿ ಅಚ್ಚೊತ್ತಿದ ಅವನ ಹತ್ತಿಬಟ್ಟೆಯ ಡೇರೆ ಆ ಮನೆ ಸೇರಿದವು. ಮುಂದೆ ಎಷ್ಟೋ ಕಾಲ ಆ ಡೇರೆಯನ್ನು ತೋಟದ ಔತಣಗಳಿಗೆ ಚಪ್ಪರವಾಗಿ ಬಳಸಿದರು. ಕಾವೇರಿ ದಂಡೆಯ ಸುಲ್ತಾನನ ಡೇರೆಯ ನೆರಳಿನಲ್ಲಿ ವೇಲ್ಸಿನ ಆಳುಗಳು ಚಹಾದ ತಟ್ಟೆ ಹಿಡಿದು ನಡೆದಾಡಿರಬೇಕು. ಆ ಚಿತ್ರ ನನ್ನ ಮನಸ್ಸಿನಿಂದ ಹೋಗುವುದಿಲ್ಲ. 2020ರಲ್ಲಿ, ಇಂಥ ಹಳೆಯ ಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ತನ್ನ ಸುಪರ್ದಿನಲ್ಲಿರುವ 93 ತಾಣಗಳಿಗೆ ವಸಾಹತು ಅಥವಾ ಗುಲಾಮಗಿರಿಯ ನಂಟಿದೆ ಎಂದು ವರದಿಯನ್ನೇ ಪ್ರಕಟಿಸಿತು.

ಈ ಅಂತರ ಮೊದಲಿನಿಂದಲೂ ಇದ್ದದ್ದಲ್ಲ. ಮಧ್ಯಯುಗದ ದೊಡ್ಡಮನೆಯಲ್ಲಿ ಒಂದೇ ಹಜಾರ. ಒಡೆಯ ಒಂದು ತುದಿಯ ಎತ್ತರದ ಜಗಲಿಯಲ್ಲಿ ಕೂತರೆ, ಉಳಿದವರೆಲ್ಲ ಅದೇ ಸೂರಿನಡಿ ಉದ್ದನೆಯ ಮೇಜುಗಳಲ್ಲಿ ಉಣ್ಣುತ್ತಿದ್ದರು. ಸೇವೆಯಲ್ಲಿದ್ದವರಲ್ಲಿ ಒಳ್ಳೆಯ ಮನೆತನದ ಹುಡುಗರೂ ಇದ್ದರು. ದೊಡ್ಡವರ ಮನೆಯಲ್ಲಿ ಬಡಿಸುವುದು ಆಗ ಕೀಳು ಅನ್ನಿಸಿಕೊಂಡಿರಲಿಲ್ಲ. ಎಷ್ಟು ಜನ ಕಣ್ಣಿಗೆ ಬೀಳುತ್ತಾರೋ ಅಷ್ಟು ಗೌರವ. 17ನೇ ಶತಮಾನದಲ್ಲಿ ಇದು ತಿರುಗಿತು. ವಾಸ್ತುಶಿಲ್ಪಿ ರೋಜರ್ ಪ್ರ್ಯಾಟ್ 1650ರ ದಶಕದಲ್ಲಿ ಕೋಲ್ಸ್‌ಹಿಲ್ ಎಂಬ ಮನೆಗೆ ಹಿಂಬದಿಯ ಮೆಟ್ಟಿಲುಗಳನ್ನು ಇಟ್ಟ. ಮುಖ್ಯ ಮೆಟ್ಟಿಲಿನಲ್ಲಿ ಆಳುಗಳು ಓಡಾಡುವುದು ಕಾಣಬಾರದು ಎಂಬುದು ಅವನ ಉದ್ದೇಶ. ಸೇವಕರಿಗೆ ಊಟದ ಕೋಣೆಯೂ ಬೇರೆಯಾಯಿತು. ಅಲ್ಲಿಯವರೆಗೆ ಕರೆದರೆ ಕೇಳುವಷ್ಟು ದೂರದಲ್ಲಿ, ಬಾಗಿಲ ಬಳಿಯಲ್ಲೋ ಒಡೆಯರ ಮಂಚದ ಹತ್ತಿರವೋ ಮಲಗುತ್ತಿದ್ದವರನ್ನು 18ನೇ ಶತಮಾನದ ತಂತಿಗಂಟೆ ಅಟ್ಟಕ್ಕೂ ನೆಲಮಾಳಿಗೆಗೂ ಕಳಿಸಿತು.

ಸಸೆಕ್ಸಿನ ಅಪ್‌ಪಾರ್ಕ್ ಎಂಬ ಮನೆಯಲ್ಲಿ ಅಡುಗೆಮನೆ ಹೊರಗಿನ ಕಟ್ಟಡದಲ್ಲಿದೆ. ಅಲ್ಲಿಂದ ಊಟದ ಕೋಣೆಗೆ ನೆಲದಡಿಯ ಸುರಂಗದಲ್ಲಿ ಅಡುಗೆ ಸಾಗಿಸುತ್ತಿದ್ದರು. ಅಡುಗೆಯ ವಾಸನೆ ಬರಬಾರದು, ಬೆಂಕಿಯ ಭಯ ಇರಬಾರದು, ತಟ್ಟೆ ಹೊತ್ತವರು ಅಂಗಳ ದಾಟುವುದು ಕಾಣಬಾರದು. ಬಾಗಿಲುಗಳಿಗೂ ಇದೇ ಕೆಲಸ. ಒಡೆಯರ ಭಾಗಕ್ಕೂ ಸೇವಕರ ಭಾಗಕ್ಕೂ ನಡುವಿನ ಬಾಗಿಲಿಗೆ ಹಸಿರು ಉಣ್ಣೆಬಟ್ಟೆ ಹೊದೆಸಿ ಹಿತ್ತಾಳೆ ಮೊಳೆ ಹೊಡೆಯುತ್ತಿದ್ದರು. ಆಚೆಯ ಪಾತ್ರೆ ಸದ್ದು ಈಚೆಗೆ ಬಾರದಿರಲೆಂದು. ಇಷ್ಟೆಲ್ಲ ದೂರ ದಾಟಿ ಬರುವಾಗ ಒಡೆಯರ ಊಟ ತಣ್ಣಗಾಗುತ್ತಿತ್ತು, ಅದನ್ನು ಅವರು ಸಹಿಸಿಕೊಂಡರು.

ಇನ್ನು ಆಳುಗಳ ನಡುವಿನ ಮೇಲುಕೀಳು. ಅದು ಒಡೆಯರಿಗಿದ್ದುದಕ್ಕಿಂತ ಬಿಗಿ. ಗಂಡಾಳುಗಳ ಮೇಲೆ ಬಟ್ಲರ್, ಹೆಣ್ಣಾಳುಗಳ ಮೇಲೆ ಹೌಸ್‌ಕೀಪರ್. ಉಗ್ರಾಣದ ಬೀಗದ ಕೈ ಗೊಂಚಲು ಅವಳ ಸೊಂಟದಲ್ಲಿ. ಮದುವೆಯಾಗಿರದಿದ್ದರೂ ಅವಳನ್ನು ಎಲ್ಲರೂ ಮಿಸೆಸ್ ಎಂದೇ ಕರೆಯಬೇಕು. ಅಡುಗೆಯವಳಿಗೆ ಅವಳದೇ ರಾಜ್ಯ. ಯಜಮಾನನ ಬಟ್ಟೆಬರೆ ನೋಡುವ ವ್ಯಾಲೆ, ಯಜಮಾನಿಯ ಖಾಸಾ ದಾಸಿ, ಇವರೂ ಮೇಲ್ವರ್ಗದವರು. ಕೆಳಗೆ ಸಮವಸ್ತ್ರ ತೊಟ್ಟು ಊಟ ಬಡಿಸುವ ಫುಟ್‌ಮನ್‌ಗಳು, ಕಸಗುಡಿಸುವ ಹೌಸ್‌ಮೇಡ್‌ಗಳು, ಅಡುಗೆಯ ಹುಡುಗಿಯರು, ಬಟ್ಟೆ ಒಗೆಯುವವರು, ಕೊನೆಯಲ್ಲಿ ಪಾತ್ರೆ ಉಜ್ಜುವ ಸ್ಕಲರಿ ಮೇಡ್. ಅನೇಕ ಮನೆಗಳಲ್ಲಿ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಸೇವಕರ ಹಜಾರದಲ್ಲಿ ಕೂತು ಮಾಂಸದ ಊಟ ಮುಗಿಸುತ್ತಿದ್ದರು. ಆಮೇಲೆ ಹಿರಿಯ ಸೇವಕರು ಸಾಲಾಗಿ ಎದ್ದು ಸಿಹಿಗೆ ಹೌಸ್‌ಕೀಪರಳ ಕೋಣೆಗೆ ಹೋಗುತ್ತಿದ್ದರು. ನೆಂಟರು ಬಂದರೆ ಅವರ ಜೊತೆ ಬಂದ ಸೇವಕರಿಗೂ ಅವರವರ ಒಡೆಯರ ಅಂತಸ್ತಿನ ಪ್ರಕಾರವೇ ಪಂಕ್ತಿ. ಡ್ಯೂಕನ ವ್ಯಾಲೆಗೆ ಅರ್ಲ್‌ನ ವ್ಯಾಲೆಗಿಂತ ಮುಂದಿನ ಕುರ್ಚಿ. ಕೆಳಗಿನವರು ಅವರನ್ನು ಕರೆಯುತ್ತಿದ್ದದ್ದೂ ಒಡೆಯರ ಹೆಸರಿನಿಂದಲೇ. ಫುಟ್‌ಮನ್ ಕೆಲಸಕ್ಕೆ ಸೇರಿದ ಹುಡುಗನ ಹೆಸರು ಏನೇ ಇರಲಿ, ಎಷ್ಟೋ ಮನೆಗಳಲ್ಲಿ ಅವನನ್ನು ಜೇಮ್ಸ್ ಎಂದೋ ಜಾನ್ ಎಂದೋ ಕರೆಯುತ್ತಿದ್ದರು. ಹಿಂದಿನವನು ಬಿಟ್ಟುಹೋದ ಕೋಟಿನ ಜೊತೆಗೆ ಅವನ ಹೆಸರೂ ಇವನಿಗೆ ಬರುತ್ತಿತ್ತು.

ಫುಟ್‌ಮನ್‌ಗಳನ್ನು ಮಾತ್ರ ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಿಸುತ್ತಿದ್ದರು. ಅದಕ್ಕೆ ಕಾರಣವಿದೆ. ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಹಣ ಹೊಂದಿಸಲು 1777ರಲ್ಲಿ ಸರ್ಕಾರ ಗಂಡಾಳೊಬ್ಬನಿಗೆ ವರ್ಷಕ್ಕೆ ಒಂದು ಗಿನಿಯಂತೆ, ಅಂದರೆ ಪೌಂಡಿಗಿಂತ ತುಸು ಹೆಚ್ಚು, ತೆರಿಗೆ ಹಾಕಿತು. ಹೀಗೆ ಗಂಡಾಳನ್ನು ಇಟ್ಟುಕೊಳ್ಳುವುದೇ ಸಿರಿವಂತಿಕೆಯ ಗುರುತಾಯಿತು. ಒಂದೇ ಎತ್ತರದ ಇಬ್ಬರು ಹುಡುಗರನ್ನು ಜೋಡಿಯಾಗಿ ಆರಿಸಿ ತರುತ್ತಿದ್ದರು. ಎತ್ತರ ಹೆಚ್ಚಿದ್ದರೆ ಸಂಬಳ ಹೆಚ್ಚು. ಆ ತೆರಿಗೆ ರದ್ದಾದದ್ದು 1937ರಲ್ಲಿ.

ಕೆಲಸ ಎಷ್ಟಿತ್ತು ಎಂಬುದಕ್ಕೆ ಒಂದು ಸ್ನಾನದ ಲೆಕ್ಕ ಸಾಕು. ನಲ್ಲಿ ಇಲ್ಲದ ಮನೆಯಲ್ಲಿ ಮಲಗುವ ಕೋಣೆಯ ಅಗ್ಗಿಷ್ಟಿಕೆಯ ಮುಂದೆ ತಗಡಿನ ತೊಟ್ಟಿ ಇಟ್ಟು ಮೀಯುತ್ತಿದ್ದರು. 60 ಲೀಟರ್ ನೀರು ಬೇಕೆಂದುಕೊಳ್ಳಿ. ಅಷ್ಟೂ 60 ಕಿಲೋ ಭಾರ. ಅದನ್ನು ಕೆಳಗೆ ಕಾಯಿಸಿ, ಮುಚ್ಚಳದ ಹಿತ್ತಾಳೆ ಕೊಡಗಳಲ್ಲಿ ಹಿಂಬದಿಯ ಕಡಿದಾದ ಮೆಟ್ಟಿಲು ಹತ್ತಿಸಬೇಕು. ಸ್ನಾನ ಮುಗಿದ ಮೇಲೆ ಅದೇ 60 ಕಿಲೋ ಕೊಳೆನೀರನ್ನು ಮೊಗೆದು ಇಳಿಸಬೇಕು. ಮನೆಯಲ್ಲಿ ಹತ್ತು ಜನ ಅತಿಥಿಗಳಿದ್ದರೆ ಹತ್ತು ಸಲ. ಇದರ ಜೊತೆಗೆ ಪ್ರತಿ ಕೋಣೆಗೂ ಕಲ್ಲಿದ್ದಲು. ಮನೆಯವರು ಏಳುವ ಮುಂಚೆ, ನಸುಕಿನಲ್ಲಿ ಹೌಸ್‌ಮೇಡ್ ಬೂದಿ ತೆಗೆದು, ಕಬ್ಬಿಣದ ಜಾಲರಿಗೆ ಕರಿಸೀಸ ಹಚ್ಚಿ ಉಜ್ಜಿ, ಬೆಂಕಿ ಹೊತ್ತಿಸಿ, ಸದ್ದಿಲ್ಲದೆ ಹೊರಬರಬೇಕು. ಕಣ್ಣು ಬಿಟ್ಟವರಿಗೆ ಬೆಚ್ಚಗಿನ ಕೋಣೆ ತಾನಾಗಿಯೇ ಆದಂತೆ ಕಾಣಬೇಕು.

ಬೆಳ್ಳಿ ಉಜ್ಜುವುದು ಫುಟ್‌ಮನ್‌ಗಳ ಪಾಲು. ರೂಜ್ ಎಂಬ ಕೆಂಪು ಪುಡಿಯನ್ನು ಅಮೋನಿಯದಲ್ಲಿ ಕಲಸಿ ಬರಿಬೆರಳಿನಿಂದ ತಿಕ್ಕುತ್ತಿದ್ದರು. ಬಟ್ಟೆ ಬಳಸುವ ಹಾಗಿಲ್ಲ, ಬೆರಳಿನ ತೊಗಲೇ ಒಳ್ಳೆಯ ಹೊಳಪು ಕೊಡುತ್ತದೆ ಎಂಬ ನಂಬಿಕೆ. ಮೊದಲ ವಾರಗಳಲ್ಲಿ ಬೊಕ್ಕೆ ಎದ್ದು ಒಡೆದು ಮತ್ತೆ ಏಳುತ್ತಿದ್ದವು. ಆಮೇಲೆ ತೊಗಲು ಗಟ್ಟಿಯಾಗುತ್ತಿತ್ತು. ಪಿಂಗಾಣಿ ತೊಳೆಯುವ ತೊಟ್ಟಿಗೆ ಮಾತ್ರ ಒಳಗಡೆ ಮರವನ್ನೋ ಮೃದುವಾದ ಸೀಸವನ್ನೋ ಹೊದೆಸಿರುತ್ತಿದ್ದರು. ತಟ್ಟೆಯ ಅಂಚು ಮುಕ್ಕಾಗದಿರಲೆಂದು.

ಮೇಲಿನವರ ದಿನವೂ ಒಂದು ಬಗೆಯ ಕಟ್ಟುಪಾಡಿನದೇ. ಬೆಳಗಿನ ಉಡುಪು, ಸವಾರಿಯ ಉಡುಪು, ಚಹಾದ ಉಡುಪು, ರಾತ್ರಿಯೂಟದ ಉಡುಪು ಎಂದು ಹೆಂಗಸರು ದಿನಕ್ಕೆ ನಾಲ್ಕೈದು ಸಲ ಬಟ್ಟೆ ಬದಲಿಸಬೇಕು. ಬೆನ್ನ ಹಿಂದೆ ಬಿಗಿಯುವ ಕಾರ್ಸೆಟ್ ಮತ್ತು ಸಾಲುಗುಂಡಿಗಳು ಇನ್ನೊಬ್ಬರ ಕೈಯಿಲ್ಲದೆ ಹಾಕಿಕೊಳ್ಳಲಾಗದಂಥವು. ವಸಂತದಿಂದ ಆಗಸ್ಟ್‌ವರೆಗೆ ಲಂಡನ್ನಿನ ಸೀಸನ್, ಮಗಳಿಗೆ ಗಂಡು ನೋಡುವ ಹಂಗಾಮು. ಆಗಸ್ಟ್ 12ಕ್ಕೆ ಗ್ರೌಸ್ ಹಕ್ಕಿಯ ಬೇಟೆ ಶುರು. ಮತ್ತೆ ಹಳ್ಳಿಯ ಮನೆ, ಮತ್ತೆ ಅತಿಥಿಗಳು. ಕುಟುಂಬ ಹೊರಟಾಗಲೆಲ್ಲ ಅರ್ಧ ಮನೆಯೇ ಪೆಟ್ಟಿಗೆಗಳ ಜೊತೆ ಹೊರಡುತ್ತಿತ್ತು. ಉಳಿದ ಅರ್ಧ ಪೀಠೋಪಕರಣಗಳಿಗೆ ಮುಸುಕು ಹಾಕಿ ಜಮಖಾನೆ ಕೊಡವುತ್ತಿತ್ತು.

ಆಳುಗಳು ಇದನ್ನೆಲ್ಲ ಯಾಕೆ ಒಪ್ಪಿಕೊಂಡರು? ಹಳ್ಳಿಯ ಕೂಲಿಯವನ ಮಗಳಿಗೆ ಬೇರೆ ದಾರಿ ಕಡಿಮೆ. ದೊಡ್ಡಮನೆಯಲ್ಲಿ ಹೊಟ್ಟೆ ತುಂಬ ಊಟ, ಸೂರು, ಮೇಲೇರುವ ಅವಕಾಶ ಇದ್ದವು. ಸಣ್ಣ ಗುಮಾಸ್ತರ ಮನೆಗಳಲ್ಲಿ ಒಬ್ಬಳೇ ಎಲ್ಲ ಕೆಲಸ ಮಾಡುತ್ತಿದ್ದ ಹುಡುಗಿಯ ಪಾಡು ಇನ್ನೂ ಕಷ್ಟದ್ದು, ಮತ್ತು ಮನೆಗೆಲಸದವರಲ್ಲಿ ಹೆಚ್ಚಿನವರು ಅಂಥವರೇ. 1911ರಲ್ಲಿ ಸುಮಾರು 13 ಲಕ್ಷ ಹೆಂಗಸರು ಮನೆಗೆಲಸದಲ್ಲಿದ್ದರು, ಹೆಂಗಸರ ಉದ್ಯೋಗಗಳಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಆದರೆ ಕೆಲಸ ಬಿಡುವುದು ಸುಲಭವಿರಲಿಲ್ಲ. ಹಿಂದಿನ ಯಜಮಾನಿ ಬರೆದುಕೊಡುವ ‘ಕ್ಯಾರೆಕ್ಟರ್’ ಎಂಬ ನಡತೆಯ ಪತ್ರ ಇಲ್ಲದೆ ಒಳ್ಳೆಯ ಮನೆಗಳಲ್ಲಿ ಯಾರೂ ಸೇರಿಸಿಕೊಳ್ಳುತ್ತಿರಲಿಲ್ಲ. ಅದನ್ನು ಕೊಡಲೇಬೇಕೆಂಬ ಕಾನೂನು ಇರಲಿಲ್ಲ. ಒಂದು ಕಾಗದ ಬರೆಯದೆ ಸುಮ್ಮನಿದ್ದರೆ ಸಾಕು, ಒಂದು ಬದುಕು ಬೀದಿಗೆ ಬೀಳುತ್ತಿತ್ತು. ನನಗೆ ಸುರಂಗಕ್ಕಿಂತ, ಗಂಟೆಗಿಂತ ಹೆಚ್ಚು ಭಯ ಹುಟ್ಟಿಸುವುದು ಈ ಬರೆಯದ ಕಾಗದ.

ಈಗ ಎರ್ದಿಗ್‌ಗೆ ಬರೋಣ. ವೇಲ್ಸಿನ ರೆಕ್ಸಮ್ ಹತ್ತಿರದ ಈ ಮನೆ 1680ರ ದಶಕದ್ದು. 1733ರಿಂದ 1973ರವರೆಗೆ ಯಾರ್ಕ್ ಮನೆತನದ ಕೈಯಲ್ಲಿತ್ತು. ಹುಟ್ಟಿದ ವಾರಸುದಾರರಿಗೆಲ್ಲ ಸೈಮನ್ ಅಥವಾ ಫಿಲಿಪ್ ಎಂದೇ ಹೆಸರು. ಡ್ಯೂಕುಗಳ ಅರಮನೆಗೆ ಹೋಲಿಸಿದರೆ ಸಾಧಾರಣ ಮನೆ. ಅದನ್ನು ಬೇರೆ ಮಾಡಿದ್ದು ಒಂದು ಅಭ್ಯಾಸ. 1790ರ ದಶಕದಲ್ಲಿ ಫಿಲಿಪ್ ಯಾರ್ಕ್ ತನ್ನ ಆಳುಗಳ ತೈಲಚಿತ್ರ ಬರೆಸಿದ. ಕಮ್ಮಾರ, ಬಡಗಿ, ಬೇಟೆಕಾವಲಿನವ, ಅಡುಗೆಮನೆಯ ಆಳು, ಹೀಗೆ ಒಬ್ಬೊಬ್ಬರದೂ ಚಿತ್ರ, ಕೈಯಲ್ಲಿ ಅವರವರ ಕಸುಬಿನ ಸಾಮಾನು. ಜೊತೆಗೆ ಯಜಮಾನ ತಾನೇ ಕಟ್ಟಿದ ಪ್ರಾಸದ ಪದ್ಯ. ಹಳೆಯ ಹೌಸ್‌ಮೇಡ್ ಜೇನ್ ಎಬ್ರೆಲ್‌ಳ ಚಿತ್ರ 1793ರದು, ಆಗ ಆಕೆಗೆ 87 ವರ್ಷ. ಪದ್ಯ ಆಕೆಯನ್ನು ನಮ್ಮೆಲ್ಲರ ತಾಯಿ ಎನ್ನುತ್ತದೆ. ಶ್ರೀಮಂತರು ತಮ್ಮ ಕುದುರೆಗಳ ಚಿತ್ರ ಬರೆಸುತ್ತಿದ್ದ ಕಾಲದಲ್ಲಿ ಜೇಡರಬಲೆ ತೆಗೆಯುವ ಮುದುಕಿಗೆ ಕ್ಯಾನ್ವಾಸ್ ಸಿಕ್ಕಿದ್ದು ಸಣ್ಣ ಮಾತಲ್ಲ. ಮುಂದಿನ ತಲೆಮಾರುಗಳು ಇದನ್ನೇ ಫೋಟೊಗಳಲ್ಲಿ ಮುಂದುವರಿಸಿದವು. 1852ರಷ್ಟು ಹಿಂದೆಯೇ ಅಲ್ಲಿಯ ಸೇವಕರ ಗುಂಪುಚಿತ್ರ ತೆಗೆಸಿದ್ದರು.

ಈ ಪ್ರೀತಿ ನಿಜವಾದದ್ದೇ ಎಂದು ನಾನು ನಂಬುತ್ತೇನೆ. ಹಾಗೆಂದು ಆ ಪದ್ಯಗಳನ್ನು ಸೇವಕರ ಚರಿತ್ರೆ ಎಂದುಕೊಳ್ಳಲು ಮನಸ್ಸು ಬಾರದು. ಅವೆಲ್ಲವೂ ಒಡೆಯನ ದನಿ. ಜೇನ್ ಎಬ್ರೆಲ್ ಯಜಮಾನನ ಬಗ್ಗೆ ಏನು ಹೇಳಿಯಾಳು ಎಂಬುದು ಯಾವ ಗೋಡೆಯ ಮೇಲೂ ಇಲ್ಲ. ಅದೇ ಸಾಲಿನಲ್ಲಿ ಕಹಳೆ ಹಿಡಿದ ಕಪ್ಪು ಯುವಕನೊಬ್ಬನ ಚಿತ್ರವಿದೆ, ಕುದುರೆಗಾಡಿಯ ಸೇವೆಯವನು. ಅವನ ಬಗ್ಗೆ ನಮಗೆ ತಿಳಿದಿರುವುದು ತೀರಾ ಅಲ್ಪ ಎಂದು ಯಾರ್ಕನ ಪದ್ಯವೇ ಒಪ್ಪಿಕೊಳ್ಳುತ್ತದೆ. ಮುಖ ಉಳಿಯಿತು, ಕಥೆ ಉಳಿಯಲಿಲ್ಲ.

ಎಲಿಜಬೆತ್ ರ‍್ಯಾಟ್‌ಕ್ಲಿಫ್ ಎಂಬಾಕೆ ಇದೇ ಮನೆಯಲ್ಲಿ ದಾಸಿಯಾಗಿದ್ದಳು. 1767ರಲ್ಲಿ ಆಕೆ ಚೀನೀ ಪಗೋಡವೊಂದರ ಮಾದರಿ ಮಾಡಿದಳು. 1773ರಲ್ಲಿ ಸಿರಿಯಾದ ಪಾಲ್ಮೈರಾ ಅವಶೇಷಗಳ ಮಾದರಿ, ಕಂಬ ಕಂಬವೂ ಬೇರೆ ಬೇರೆ ಎಣಿಸುವಂತೆ. ಎರಡೂ ಇಂದಿಗೂ ಅಲ್ಲೇ ಇವೆ. ಆ ಬೆರಳುಗಳು ಇನ್ನೊಂದು ಮನೆಯಲ್ಲಿ ಹುಟ್ಟಿದ್ದರೆ ಎಲ್ಲಿರುತ್ತಿದ್ದವು ಎಂದು ಕೇಳಿಕೊಳ್ಳದೆ ಅವನ್ನು ನೋಡಲಾಗದು.

ಅದೇ ಮನೆಯಲ್ಲಿ 1907ರಲ್ಲಿ ಇನ್ನೊಂದು ನಡೆಯಿತು. ಅಡುಗೆಯ ಜೊತೆಗೆ ಮನೆವಾರ್ತೆಯನ್ನೂ ನೋಡುತ್ತಿದ್ದ ಎಲೆನ್ ಪೆಂಕೆತ್ ಮೇಲೆ 500 ಪೌಂಡ್ ಕದ್ದ ಆರೋಪ ಬಂತು. ಅಂಗಡಿಯವರ ಬಾಕಿ ತೀರಿಸಲು ಹಣ ಅವಳ ಕೈಯಲ್ಲಿ ಹಾಯುತ್ತಿತ್ತು, ಲೆಕ್ಕ ತಾಳೆಯಾಗಲಿಲ್ಲ. ಹೌಸ್‌ಮೇಡ್‌ಗೆ ವರ್ಷಕ್ಕೆ 20 ಪೌಂಡ್ ಸಿಕ್ಕರೆ ಒಳ್ಳೆಯದೆನ್ನುತ್ತಿದ್ದ ಕಾಲ ಅದು. ಬಂಧನವಾಯಿತು, ವಿಚಾರಣೆಯಾಯಿತು, ಜ್ಯೂರಿ ಆಕೆ ತಪ್ಪಿತಸ್ಥಳಲ್ಲ ಎಂದಿತು. ಆಳುಗಳ ಚಿತ್ರ ತೂಗುಹಾಕಿ ಹೆಮ್ಮೆಪಡುತ್ತಿದ್ದ ಮನೆಯೇ ತನ್ನ ಅಡುಗೆಯವಳನ್ನು ಕಟಕಟೆಗೆ ನಿಲ್ಲಿಸಿತ್ತು.

ಗೋಡೆ ದಾಟಿದವರೂ ಇದ್ದರು. ಸುರಂಗವಿರುವ ಅದೇ ಅಪ್‌ಪಾರ್ಕಿನ ಒಡೆಯ ಸರ್ ಹ್ಯಾರಿ ಫೆದರ್‌ಸ್ಟನ್‌ಹಾ, 1825ರಲ್ಲಿ ತನ್ನ 71ನೇ ವಯಸ್ಸಿನಲ್ಲಿ, ಹಾಲಿನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಮೇರಿ ಆನ್ ಬುಲಕ್‌ಳನ್ನು ಮದುವೆಯಾದ. ಆಕೆಗೆ ಇಪ್ಪತ್ತರ ಆಸುಪಾಸು. ಒಪ್ಪಿಗೆಯಿದ್ದರೆ ರಾತ್ರಿ ಊಟಕ್ಕೆ ಬರುವ ಮಾಂಸದ ತುಂಡಿನಿಂದ ಒಂದು ಹೋಳು ಕೊಯ್ದು ಕಳಿಸು ಎಂದಿದ್ದನಂತೆ, ಹೋಳು ಕೊಯ್ದೇ ಬಂತಂತೆ. ಅವನ ನಂತರ ಮನೆ ಆಕೆಗೆ, ಆಮೇಲೆ ಆಕೆಯ ತಂಗಿ ಫ್ರಾನ್ಸಿಸ್‌ಗೆ ಸೇರಿತು. ಆ ಫ್ರಾನ್ಸಿಸ್‌ಳ ಹೌಸ್‌ಕೀಪರ್ ಆಗಿ 1880ರಿಂದ 1893ರವರೆಗೆ ಇದ್ದವಳು ಸಾರಾ ವೆಲ್ಸ್. ಅಮ್ಮನನ್ನು ನೋಡಲು ನೆಲಮಾಳಿಗೆಗೆ ಬರುತ್ತಿದ್ದ ಅವಳ ಮಗ, ಮೇಲಿನವರ ಹಳೆಯ ಪುಸ್ತಕಗಳನ್ನು ತೆಗೆದು ಓದುತ್ತಿದ್ದ. ಅವನೇ ಮುಂದೆ ಲೇಖಕನಾದ ಎಚ್. ಜಿ. ವೆಲ್ಸ್.

ಈ ಬದುಕು ಮುಗಿದದ್ದು ಒಂದೇ ಏಟಿಗಲ್ಲ. 1870ರ ದಶಕದಿಂದ ಅಮೆರಿಕದ ಅಗ್ಗದ ಗೋಧಿ ಬಂದು ಇಂಗ್ಲೆಂಡಿನ ಬೆಳೆಯ ಬೆಲೆ ಬಿತ್ತು, ಗೇಣಿಯೂ ಬಿತ್ತು. ಕೆಲವರು ಅಮೆರಿಕದ ಹಣವನ್ನೇ ಮದುವೆಯಾದರು. 1895ರಲ್ಲಿ ರೈಲ್ವೆ ಸಿರಿವಂತರ ಮಗಳು ಕಾನ್ಸ್ವೆಲೊ ವಾಂಡರ್‌ಬಿಲ್ಟ್ ಮಾರ್ಲ್‌ಬರೊ ಡ್ಯೂಕನ ಹೆಂಡತಿಯಾಗಿ ಅವನ ಬ್ಲೆನ್‌ಹೈಮ್ ಅರಮನೆಗೆ ಬಂದದ್ದು ಹಾಗೆ. 1894ರಲ್ಲಿ ಒಡೆಯ ಸತ್ತಾಗ ವಾರಸುದಾರರು ಕಟ್ಟಬೇಕಾದ ಹೊಸ ತೆರಿಗೆ ಬಂತು. 1919ರ ಹೊತ್ತಿಗೆ ಅತಿ ದೊಡ್ಡ ಆಸ್ತಿಗಳ ಮೇಲೆ ಅದು ಶೇಕಡ 40ಕ್ಕೆ ಏರಿತ್ತು. ತಂದೆಯೂ ಮಗನೂ ಬೆನ್ನುಬೆನ್ನಿಗೆ ಸತ್ತರೆ ಮನೆ ಎರಡು ಸಲ ತೆರಬೇಕಾಗುತ್ತಿತ್ತು.

ಕೆಳಗಿನವರ ಕಡೆ ಬದಲಾವಣೆ ಬೇರೆ ದಾರಿಯಲ್ಲಿ ಬಂತು. 1911ರ ವಿಮಾ ಕಾಯ್ದೆ, ಕಾಯಿಲೆ ಬಿದ್ದ ಸೇವಕರಿಗೂ ಹಣ ಸಿಗಲೆಂದು ಯಜಮಾನಿಯರು ಕಾರ್ಡಿಗೆ ಸ್ಟಾಂಪು ಅಂಟಿಸಬೇಕು ಎಂದಿತು. ಅದನ್ನು ವಿರೋಧಿಸಲು ಯಜಮಾನಿಯರು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ದೊಡ್ಡ ಸಭೆಯನ್ನೇ ನಡೆಸಿದರು, ಸೇವಕಿಯರನ್ನೂ ಜೊತೆಗೆ ಕರೆತಂದು. ಮೂರು ವರ್ಷಕ್ಕೆ ಮಹಾಯುದ್ಧ ಬಂತು. ಫುಟ್‌ಮನ್‌ಗಳು ಸೈನ್ಯಕ್ಕೆ, ಹುಡುಗಿಯರು ಮದ್ದುಗುಂಡಿನ ಕಾರ್ಖಾನೆಗೆ ಹೋದರು. ಕಾರ್ಖಾನೆಯ ದಿನ ಎಷ್ಟೇ ಉದ್ದವಿರಲಿ, ಸೈರನ್ ಆದ ಮೇಲಿನ ಹೊತ್ತು ಅವರದೇ. ಆ ರುಚಿ ಕಂಡವರು ಗಂಟೆಯ ಕರೆಗೆ ಮರಳಲು ಹಿಂಜರಿದರು. ಆದರೂ ಯುದ್ಧದೊಡನೆ ಎಲ್ಲ ಮುಗಿಯಿತು ಎನ್ನುವುದು ಸರಿಯಲ್ಲ. ಕೆಲಸವಿಲ್ಲದ ಕಾಲದಲ್ಲಿ ಎಷ್ಟೋ ಮಂದಿ ಮತ್ತೆ ಹೋಗಬೇಕಾಯಿತು. 1931ರಲ್ಲೂ 13 ಲಕ್ಷದಷ್ಟು ಹೆಂಗಸರು ಮನೆಗೆಲಸದಲ್ಲೇ ಇದ್ದರು. ಎರಡನೆಯ ಮಹಾಯುದ್ಧ ಬಂದ ಮೇಲೆ ಬಿಟ್ಟುಹೋದವರು ಹಿಂದಿರುಗಲಿಲ್ಲ. ಆಳಿಲ್ಲದ ಮನೆಗಳು ಸೋರಿ, ಕುಸಿದು, 20ನೇ ಶತಮಾನದಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳು ನೆಲಸಮವಾದವು.

ಎರ್ದಿಗ್ ಉಳಿಯಿತು. ಕೆಳಗಿನ ಕಲ್ಲಿದ್ದಲು ಗಣಿಯಿಂದ ಮನೆಯ ಅಡಿಪಾಯ ಕುಸಿದಿತ್ತು, ಮಾಡು ಸೋರುತ್ತಿತ್ತು, ವಿದ್ಯುತ್ ಬಂದೇ ಇರಲಿಲ್ಲ. ಮದುವೆಯಾಗದೆ ಉಳಿದ ಕೊನೆಯ ಫಿಲಿಪ್ ಯಾರ್ಕ್ ಅಲ್ಲೇ ಸರಳವಾಗಿ ಬದುಕುತ್ತಿದ್ದ. 1973ರಲ್ಲಿ ಆತ ಮನೆಯನ್ನು ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದ. ಯಾರ್ಕ್ ಮನೆತನ ಏನನ್ನೂ ಎಸೆಯುತ್ತಿರಲಿಲ್ಲವಾದ್ದರಿಂದ ಇಸ್ತ್ರಿ, ಗರಗಸ, ಬ್ರೆಡ್ಡಿನ ಒಲೆ, ಲೆಕ್ಕದ ಚೀಟಿ ಎಲ್ಲ ಇದ್ದಲ್ಲೇ ಇದ್ದವು. 1977ರಲ್ಲಿ ಬಾಗಿಲು ತೆರೆದಾಗ ಟ್ರಸ್ಟ್ ಪ್ರೇಕ್ಷಕರನ್ನು ಮುಂಬಾಗಿಲಿನಿಂದ ಬಿಡಲಿಲ್ಲ. ಟಿಕೆಟ್ ಕೊಂಡವರು ಮೊದಲು ಬಡಗಿಯ ಅಂಗಳಕ್ಕೆ ಹೋಗಬೇಕು. ಅಲ್ಲಿಂದ ಕಮ್ಮಾರಸಾಲೆ, ಲಾಯ, ಬಟ್ಟೆ ಒಗೆಯುವ ಕೋಣೆ, ಅಡುಗೆಮನೆ. ಸೇವಕರ ಹಜಾರದಲ್ಲಿ ಜೇನ್ ಎಬ್ರೆಲ್‌ಳ ಮುಂದೆ ನಿಂತು, ಆಮೇಲೆ ಒಡೆಯರ ಕೋಣೆಗಳಿಗೆ.